ಕೇರ್ ಪ್ಲಾನಿನಲ್ಲಿ ವಾರ್ಡ್ ಎಲ್ಲಿದೆ?

ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯರು ಒಬ್ಬೊಬ್ಬ ರೋಗಿಗೂ ಕೇರ್ ಪ್ಲಾನ್ (ಆರೈಕೆಯ ಯೋಜನೆ) ಬರೆಯುವ ಪ್ರಾಕ್ಟಿಕಲ್ ರೆಕಾರ್ಡುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ‘ರಿಸ್ಕ್ ಫಾರ್ ಇನ್ಫೆಕ್ಷನ್’ ಎಂಬ ಸಾಲು ಎದುರಾಗದ ಪುಟ ಅಪರೂಪ. ಅಪೆಂಡಿಕ್ಸ್ ತೆಗೆಸಿಕೊಂಡವರಿಗೂ ಅದೇ, ಸಿಸೇರಿಯನ್ ಆದವರಿಗೂ ಅದೇ, ಯೂರಿನ್ ಬ್ಯಾಗ್ ಹಾಕಿಸಿಕೊಂಡ ಮುದುಕರಿಗೂ ಅದೇ. ಪಕ್ಕದ ಕಾಲಮ್ಮಿನಲ್ಲಿ ಕೈ ತೊಳೆಯುವುದು, ಶುದ್ಧ ವಿಧಾನದಲ್ಲಿ ಡ್ರೆಸ್ಸಿಂಗ್ ಮಾಡುವುದು, ನಾಲ್ಕು ಗಂಟೆಗೊಮ್ಮೆ ಜ್ವರ ನೋಡುವುದು. ಕಟ್ಟಕಡೆಯ ಮೌಲ್ಯಮಾಪನದ ಕಾಲಮ್ಮಿನಲ್ಲಿ ‘ಗೋಲ್ ಪಾರ್ಷಿಯಲಿ ಮೆಟ್’, ಗುರಿ ಭಾಗಶಃ ಮುಟ್ಟಿದೆ. ಸ್ಕೇಲಿಟ್ಟು ಎಳೆದ ಗೆರೆ, ಹೆಡ್ಡಿಂಗಿಗೆ ಬಣ್ಣದ ಪೆನ್ನು. ರೋಗಿಯ ವಯಸ್ಸು ಮತ್ತು ಐ.ಪಿ. ನಂಬರು ಮಾತ್ರ ಬೇರೆ ಬೇರೆ.

ಸೀನಿಯರುಗಳ ರೆಕಾರ್ಡು ನೋಡಿ ಇಳಿಸಿದ್ದಾರೆ ಎಂದು ಹುಡುಗಿಯರನ್ನು ಬೈದು ಕೈತೊಳೆದುಕೊಳ್ಳಬಹುದು. ಆದರೆ ಇಷ್ಟು ಸಲೀಸಾಗಿ ನಕಲಿಗೆ ಒಗ್ಗುವ ನಮೂನೆಯಲ್ಲೇ ಏನೋ ಐಬಿರಬೇಕಲ್ಲ?

ಹುಟ್ಟಿದಾಗ ಕೇರ್ ಪ್ಲಾನ್ ಹೀಗಿರಲಿಲ್ಲ. ಡಾಕ್ಟರು ಬರೆದದ್ದನ್ನು ಮಾಡುವುದಷ್ಟೇ ನರ್ಸಿನ ಕೆಲಸ ಎಂದು ಬಹಳ ಮಂದಿ ನಂಬಿದ್ದ ಕಾಲದಲ್ಲಿ, ಅಮೆರಿಕದ ನರ್ಸ್ ಐಡಾ ಜೀನ್ ಒರ್ಲ್ಯಾಂಡೊ 1961ರ ತಮ್ಮ ಪುಸ್ತಕದಲ್ಲಿ ಬೇರೆಯೇ ದಾರಿ ತೋರಿಸಿದರು. ನರ್ಸ್ ತಾನು ಕಂಡದ್ದನ್ನು, ಅದರಿಂದ ಊಹಿಸಿದ್ದನ್ನು ರೋಗಿಯ ಮುಂದೆಯೇ ಇಟ್ಟು, ಸರಿಯೋ ತಪ್ಪೋ ಕೇಳಿಕೊಂಡು ಮುಂದುವರಿಯಬೇಕು ಎಂಬುದು ಅವರ ವಾದದ ತಿರುಳು. 1973ರಲ್ಲಿ ಸೇಂಟ್ ಲೂಯಿಸ್ ನಗರದ ಸಮ್ಮೇಳನದಲ್ಲಿ, ‘ರಿಸ್ಕ್ ಫಾರ್ ಇನ್ಫೆಕ್ಷನ್’ನಂಥ ನರ್ಸಿಂಗ್ ಡಯಾಗ್ನೋಸಿಸ್‌ಗಳನ್ನು ಪಟ್ಟಿಮಾಡುವ ಕೆಲಸ ಶುರುವಾಯಿತು. ಇಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿರುವ ನಾಂಡಾ ಪಟ್ಟಿಯ ಮೂಲ ಅದು. ವೈದ್ಯರ ನಿರ್ಣಯದ ನೆರಳಿನಲ್ಲಿ ನಿಲ್ಲದೆ ನರ್ಸಿಗೂ ತನ್ನದೇ ನಿರ್ಣಯ ಉಂಟೆಂದು ಸಾಧಿಸಿದ್ದು ಈ ಪಟ್ಟಿಯ ದೊಡ್ಡ ಗಳಿಕೆ, ಅದನ್ನು ನಾನು ಕಡಿಮೆಮಾಡಿ ಹೇಳಲಾರೆ. ಆದರೆ ಪಟ್ಟಿ ಕೈಗೆ ಬಂದಮೇಲೆ ಕೇಳುವ ಅಭ್ಯಾಸ ಸಣ್ಣಗೆ ಜಾರಿಹೋಯಿತು. ‘ನಿನ್ನೆ ರಾತ್ರಿಯಿಂದ ಹೊಲಿಗೆ ಹತ್ರ ನೋವು ಜಾಸ್ತಿಯಾಗಿದೆ ಸಿಸ್ಟರ್’ ಎಂದು ಅಜ್ಜಿ ಹೇಳುತ್ತಾರೆ. ರೆಕಾರ್ಡಿಗೆ ಇಳಿಯುವುದು ‘ನೋವು ಇದೆ ಎನ್ನುತ್ತಾರೆ’ ಎಂದಷ್ಟೇ. ರಾತ್ರಿಯಿಂದ ಜಾಸ್ತಿಯಾಗಿದೆ ಎಂಬುದೇ ಸೋಂಕಿನ ಮೊದಲ ಸುಳಿವಾಗಿರಬಹುದು. ಕೇರ್ ಪ್ಲಾನ್ ಕಳೆದುಕೊಂಡದ್ದು ಅದನ್ನೇ.

ಮೌಲ್ಯಮಾಪನದ ಕಾಲಮ್ಮಂತೂ ಬರೀ ಶಾಸ್ತ್ರಕ್ಕೆ ಇರುವುದು. ಆಪರೇಷನ್ ಗಾಯದ ಸೋಂಕು 30 ದಿನಗಳೊಳಗೆ ಯಾವಾಗ ಬೇಕಾದರೂ ತಲೆದೋರಬಹುದು. ಇಂಪ್ಲಾಂಟ್ ಕೂಡಿಸಿದ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ 90 ದಿನಗಳವರೆಗೂ ನಿಗಾ ಇಡಬೇಕು. ರೋಗಿ ಕೆಲವೇ ದಿನಗಳಲ್ಲಿ ಡಿಸ್ಚಾರ್ಜ್ ಆಗಿ ಊರು ಸೇರಿರುತ್ತಾರೆ. ವಿದ್ಯಾರ್ಥಿನಿಯ ಪೋಸ್ಟಿಂಗ್ ಮುಗಿದು ಅವಳು ಮಕ್ಕಳ ವಾರ್ಡಿಗೋ ಹೆರಿಗೆ ವಾರ್ಡಿಗೋ ಹೋಗಿರುತ್ತಾಳೆ. ಹಾಗಿರುವಾಗ ಗುರಿ ಭಾಗಶಃ ಮುಟ್ಟಿತೆಂದು ಮೂರನೆಯ ದಿನವೇ ಬರೆಯುವುದು ಯಾವ ಆಧಾರದ ಮೇಲೆ? ಮೇಡಂ ಸಹಿ ಹಾಕುವ ದಿನ ಹತ್ತಿರ ಬಂದಿದೆ, ಆಧಾರ ಅದೊಂದೇ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕೇರ್ ಪ್ಲಾನ್ ಸೋಂಕಿನ ಅಪಾಯವನ್ನು ರೋಗಿಯ ಮೈಮೇಲೆ ಹುಡುಕುತ್ತದೆ: ಗಾಯ, ಡ್ರಿಪ್ಪಿನ ಕ್ಯಾನ್ಯುಲಾ, ಸಕ್ಕರೆ ಕಾಯಿಲೆ, ಅಪೌಷ್ಟಿಕತೆ. ಪರಿಹಾರವನ್ನು ನರ್ಸಿನ ಕೈಗೆ ಕೊಡುತ್ತದೆ. ಇವೆರಡರ ನಡುವೆ ಇರುವ ವಾರ್ಡ್ ಮಾತ್ರ ಕಾಗದದ ಮೇಲೆ ಎಲ್ಲೂ ಇಲ್ಲ. ಸಿಂಕು ಎಷ್ಟು ದೂರ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಹ್ಯಾಂಡ್‌ರಬ್ ಬಾಟಲಿ ಖಾಲಿಯಾಗಿ ಎಷ್ಟು ದಿನವಾಯಿತು, ಎರಡು ಮಂಚಗಳ ನಡುವೆ ಚಾಪೆ ಹಾಸಿ ಯಾರು ಮಲಗಿದ್ದಾರೆ? ಇದನ್ನೆಲ್ಲ ಬರೆಯಲು ಕಾಲಮ್ಮೇ ಇಲ್ಲ. ಫ್ಲಾರೆನ್ಸ್ ನೈಟಿಂಗೇಲ್ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕವನ್ನು ತೊಡಗಿಸಿದ್ದು ಗಾಳಿಯಿಂದ, ಎರಡನೆಯ ಅಧ್ಯಾಯ ಮನೆಯ ಆರೋಗ್ಯ. ರೋಗಾಣು ಸಿದ್ಧಾಂತ ಆಗಿನ್ನೂ ನೆಲೆಯೂರಿರಲಿಲ್ಲ, ಸಾಂಕ್ರಾಮಿಕತೆಯ ಬಗ್ಗೆ ಆಕೆಯ ಕೆಲವು ಗ್ರಹಿಕೆಗಳು ತಪ್ಪೇ. ಆದರೂ ನರ್ಸ್ ಮೊದಲು ಎಲ್ಲಿ ಕಣ್ಣು ಹಾಯಿಸಬೇಕು ಎಂಬ ವಿಷಯದಲ್ಲಿ ಆ ಹಳೆಯ ಪುಸ್ತಕ ನಮ್ಮ ರೆಕಾರ್ಡುಗಳಿಗಿಂತ ಚುರುಕಾಗಿದೆ. ಅದರ ಮೂರನೆಯ ಅಧ್ಯಾಯವಂತೂ, ತಾನಿಲ್ಲದಾಗಲೂ ಆರೈಕೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ ಎಂಬ ಚರ್ಚೆ. ಪಾಳಿ ಬದಲಾಗುವಾಗಿನ ಹ್ಯಾಂಡೋವರ್ ಕಲಿಸುವವರು ಅದನ್ನು ಈಗಲೂ ಓದಿಸಬಹುದು.

‘ಕೈ ತೊಳೆಯುವುದು’ ಎಂದು ಒಂದೇ ಸಾಲಿನಲ್ಲಿ ಬರೆದುಬಿಡುವುದನ್ನೇ ಲೆಕ್ಕಹಾಕಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಂತೆ ಹ್ಯಾಂಡ್‌ರಬ್ ಉಜ್ಜಲು 20ರಿಂದ 30 ಸೆಕೆಂಡು, ಸೋಪು ನೀರಿಗಾದರೆ 40ರಿಂದ 60 ಸೆಕೆಂಡು. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ 30 ರೋಗಿಗಳಿಗೆ ಇಂಜೆಕ್ಷನ್ ಕೊಡುತ್ತಾರೆ ಎನ್ನಿ. ಮುಟ್ಟುವ ಮುನ್ನ ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ ಎಂದುಕೊಂಡರೂ 60 ಸಲ; ಹ್ಯಾಂಡ್‌ರಬ್ಬಿಗೇ 20 ನಿಮಿಷ, ಸೋಪಿನಲ್ಲಾದರೆ 40 ನಿಮಿಷ, ಅದೂ ಒಂದೇ ಒಂದು ಸುತ್ತಿಗೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್, ಉಳಿದ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಈ ಅನುಪಾತ ನೀತಿಯ ವಿಷಯ, ಹಾಗಾಗಿ ಆಡಳಿತದ ಪೇಪರಿಗೆ ಸೇರಿದ್ದು ಎಂದು ಪಾಠಕ್ರಮ ಬಗೆಯುತ್ತದೆ. ಸೋಂಕಿನ ಪಾಠ ಬೇರೆ ಸೆಮಿಸ್ಟರಿನದು. ಎರಡನ್ನೂ ಓದಿ ಪಾಸಾದ ಹುಡುಗಿಗೆ ಎರಡೂ ಒಂದೇ ವಾರ್ಡಿನ ಸಂಗತಿಗಳು ಎಂದು ಹೇಳಿಕೊಡುವವರು ಬೇಕು.

ಹೊಸ ಸೆಮಿಸ್ಟರ್ ಪಠ್ಯದಲ್ಲಿ ಮೈಕ್ರೋಬಯಾಲಜಿಯ ಹೆಸರಿಗೇ ಸೋಂಕು ನಿಯಂತ್ರಣವೂ ಸುರಕ್ಷತೆಯೂ ಸೇರಿಕೊಂಡಿವೆ. ಇದು ನಿಜವಾದ ಸುಧಾರಣೆ. ಬ್ಯಾಕ್ಟೀರಿಯಾದ ಚಿತ್ರ ಬರೆದು ಭಾಗ ಗುರುತಿಸುವುದಕ್ಕಿಂತ, ಆಸ್ಪತ್ರೆಯ ಕಸದಲ್ಲಿ ಹಳದಿ ಚೀಲಕ್ಕೆ ಯಾವುದು, ಕೆಂಪಿಗೆ ಯಾವುದು, ಸೂಜಿ ಎಲ್ಲಿಗೆ ಎಂದು ತಿಳಿದಿರುವುದು ಮೇಲು. ಆದರೆ ಕೇರ್ ಪ್ಲಾನಿನ ನಮೂನೆಗೆ ಈ ಗಾಳಿ ಇನ್ನೂ ತಾಗಿಲ್ಲ.

ತಾಗಿಸುವುದು ಕಷ್ಟವೇನಲ್ಲ. ವಾರ್ಡಿನ ಸ್ಥಿತಿಗೆಂದು ಒಂದು ಕಾಲಮ್ಮು ಸೇರಿಸಿ, ಸಿಂಕು, ಹ್ಯಾಂಡ್‌ರಬ್, ಆ ಪಾಳಿಯ ನರ್ಸುಗಳ ಸಂಖ್ಯೆಯನ್ನು ಅಲ್ಲಿ ಬರೆಯಿಸಬೇಕು. ರಾಶಿ ಪ್ಲಾನುಗಳ ಬದಲು ಒಬ್ಬ ರೋಗಿಯನ್ನಾದರೂ, ಅವರ ಒಪ್ಪಿಗೆ ಪಡೆದು, 30ನೆಯ ದಿನದವರೆಗೆ ಫೋನಿನಲ್ಲಿ ವಿಚಾರಿಸಿ ಬರೆಯಲು ಹೇಳಬೇಕು. ಗಾಯ ಕೀವಾಗಿದ್ದರೆ ಕೀವಾಯಿತೆಂದೇ ಬರೆದವಳಿಗೆ ಅಂಕ ಕಡಿತವಾಗಬಾರದು. ಅಡ್ಡಿ ಬರುವುದು ಇಲ್ಲೇ. ಹ್ಯಾಂಡ್‌ರಬ್ ಇರಲಿಲ್ಲ ಎಂದು ವಿದ್ಯಾರ್ಥಿನಿ ಬರೆದ ರೆಕಾರ್ಡನ್ನು ತಪಾಸಣೆಯ ದಿನ ಮೇಜಿನ ಮೇಲಿಡಲು ಕಾಲೇಜು ಒಪ್ಪಬೇಕು, ಮತ್ತು ಎಷ್ಟೋ ಕಡೆ ಕಾಲೇಜೂ ಆಸ್ಪತ್ರೆಯೂ ಒಂದೇ ಆಡಳಿತದವು.