ಬೆಟ್ಟದ ಚಿತ್ರ ಸಾಕು, ಏರಿಯ ಲೆಕ್ಕ ಬೇಕು

ಈ ವಾರ ರಾಬರ್ಟ್ ಹೋಮ್‌ನ ಚಿತ್ರಗಳ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಆದರೆ ಬಹಳ ಹೊತ್ತು ಅಲ್ಲಿ ನಿಲ್ಲಲಾರೆ, ಬೈರಮಂಗಲಕ್ಕೆ ಹೋಗುವುದಿದೆ.

ಹೋಮ್ ಈಸ್ಟ್ ಇಂಡಿಯಾ ಕಂಪನಿಯ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯದ ಜೊತೆ ನಮ್ಮ ಸೀಮೆಗೆ ಬಂದವನು. 1791ರ ಡಿಸೆಂಬರ್‌ನಲ್ಲಿ ಸಾವನದುರ್ಗ ಬಿತ್ತು. ಆ ದುರ್ಗವನ್ನೂ ಆಸುಪಾಸಿನ ಬೆಟ್ಟಗಳನ್ನೂ ಆತ ಬರೆದ. 1794ರಲ್ಲಿ ಆ ನೋಟಗಳು ಪುಸ್ತಕವಾಗಿ ಹೊರಬಂದವು. ಕೈ ಪಳಗಿದ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಬಂಡೆಯ ಮೈಮೇಲೆ ಬಿದ್ದ ಬೆಳಕು, ಬುಡದ ಕುರುಚಲು, ಆ ಎತ್ತರದ ಭಯ, ಎಲ್ಲವೂ ಇವೆ. ಆದರೆ ಚಿತ್ರದಲ್ಲಿ ಎಷ್ಟು ಹುಡುಕಿದರೂ ಒಂದು ತೂಬು ಸಿಗುವುದಿಲ್ಲ, ಒಂದು ಕಾಲುವೆಯ ಗೆರೆ ಕಾಣುವುದಿಲ್ಲ. ಗೆಲ್ಲಬೇಕಾದ ಬೆಟ್ಟವನ್ನು ದಂಡಿನ ಬಿಡಾರದಿಂದ ನೋಡಿದ ಕಣ್ಣು ಅದು. ಆ ಬೆಟ್ಟದ ನೆರಳಿನಲ್ಲಿ ಉಂಡು ಬದುಕಿದವರ ನೆಲ ಅದಕ್ಕೆ ಬೇಕಾಗಿರಲಿಲ್ಲ.

ರಾಮನಗರ ಸೀಮೆಯ ಚೆಲುವು ಎಂದರೆ ಬಂಡೆ ಎಂಬ ರೂಢಿ ಆಗಲೇ ಬಿತ್ತು. ಆಮೇಲೆ ಅದು ಗಟ್ಟಿಯಾಗುತ್ತಲೇ ಹೋಯಿತು. 1975ರಲ್ಲಿ ‘ಶೋಲೆ’ ಬಂತು, ರಾಮದೇವರ ಬೆಟ್ಟ ದೇಶಕ್ಕೆಲ್ಲ ಪರಿಚಯವಾಯಿತು. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಗಾಗಿ ಡೇವಿಡ್ ಲೀನ್ ಈ ಭಾಗದ ಬಂಡೆಗಳನ್ನೇ ಹುಡುಕಿಕೊಂಡು ಬಂದ. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಅದು ಆಗಲೇಬೇಕಿದ್ದ ಕೆಲಸ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯ ಈ ಕಲ್ಲಿಗೆ ಗೌರವ ಸಲ್ಲಬೇಕಾದದ್ದೇ. ಬೆಟ್ಟದ ಮೇಲೆ ನನಗೆ ಮುನಿಸಿಲ್ಲ. ಬೆಟ್ಟವೊಂದನ್ನೇ ದಾಖಲಿಸಿ ಕೈತೊಳೆದುಕೊಳ್ಳುವವರ ಮೇಲೆ ಮುನಿಸು.

ಬಿಡದಿಯಿಂದ ಬೈರಮಂಗಲದ ಕಡೆ ತಿರುಗಿದರೆ ಬಂಡೆಯ ವೈಭವ ಹಿಂದೆ ಬೀಳುತ್ತದೆ. ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ರಸ್ತೆಯ ಗಾಳಿ ಆಂಜನೇಯನ ಬದಿಯಲ್ಲಿ ಹಾದು, ಕೆಂಗೇರಿ ದಾಟಿ ಬರುವ ವೃಷಭಾವತಿಗೆ ಇಲ್ಲಿ ಅಡ್ಡಕಟ್ಟೆ. 1940ರ ದಶಕದಲ್ಲಿ ಕಟ್ಟಿದ ಜಲಾಶಯ ಇದು, ಊರವರ ಬಾಯಲ್ಲಿ ಬೈರಮಂಗಲ ಕೆರೆ. ಎಡಕ್ಕೂ ಬಲಕ್ಕೂ ನಾಲೆ, ನಾಲೆಯ ಕೆಳಗೆ ಅಚ್ಚುಕಟ್ಟು. ಮುಂದೆ ಈ ನದಿ ಕನಕಪುರದ ಕಡೆ ಸಾಗಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು. ಕೆರೆಯ ನೀರಿನ ಕಥೆ ಎಲ್ಲರಿಗೂ ಗೊತ್ತು: ರಾಜಧಾನಿಯ ಚರಂಡಿಯೂ ಕಾರ್ಖಾನೆಗಳ ಕೊಳೆಯೂ ಕೂಡಿ ಬಂದು, ನೀರು ಧುಮುಕುವಲ್ಲಿ ಆಳೆತ್ತರ ನೊರೆ ಏಳುತ್ತದೆ. ಗಾಳಿ ಬೀಸಿದರೆ ನೊರೆಯ ತುಣುಕು ಹೊಲದ ಮೇಲೆ ಹಾರಿ ಬೀಳುತ್ತದೆ. ಆ ನೀರಿನಲ್ಲೇ ಬೇಬಿಕಾರ್ನ್, ಸೀಮೆಹುಲ್ಲು, ತೆಂಗು, ಹಿಪ್ಪುನೇರಳೆ ಬೆಳೆಯುತ್ತವೆ. ಆ ಹುಲ್ಲು ಮೇಯುವ ಹಸುವಿನ ಹಾಲು ಡೇರಿಗೆ ಹೋಗುತ್ತದೆ, ಆ ಸೊಪ್ಪು ತಿಂದ ಹುಳುವಿನ ಗೂಡು ರಾಮನಗರದ ಮಾರುಕಟ್ಟೆಗೆ.

ಈಗ ಈ ನೆಲದ ಮೇಲೆ ಹೊಸ ನಗರದ ನಕ್ಷೆ ಹಾಸಲಾಗಿದೆ. ಬಿಡದಿಗೆ ಟೌನ್‌ಶಿಪ್ ಎಂಬ ಮಾತು 2006ರಿಂದಲೂ ಇದೆ. ಆಗ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಐದು ಹೆಸರು ಕೇಳಿಬಂದಿದ್ದವು. 2025ರಲ್ಲಿ ಅದು ಮತ್ತೆ ಜೀವ ಪಡೆಯಿತು. ಬೈರಮಂಗಲ, ಬನ್ನಿಗಿರಿ, ಹೊಸೂರು, ಕಂಚುಗಾರನಹಳ್ಳಿ, ಅರಳಾಳುಸಂದ್ರ, ಮಂಡಲಹಳ್ಳಿ ಮೊದಲಾದ ಊರುಗಳ ಒಂಬತ್ತು ಸಾವಿರ ಎಕರೆ ಆಸುಪಾಸಿನ ನೆಲಕ್ಕೆ ಅಧಿಸೂಚನೆ ಬಂತು, ರೈತರು ಧರಣಿ ಕೂತರು. ಟೌನ್‌ಶಿಪ್ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದವರು ಆ ನೆಲದ ಜನ. ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ಈ ನೆಲದಲ್ಲಿ ಏನೇನಿದೆ ಎಂದು ಯಾರಾದರೂ ನಡೆದು ನೋಡಿ ಬರೆದಿಟ್ಟಿದ್ದಾರೆಯೆ?

ಇಲ್ಲಿ ನನ್ನ ಹಳೆಯ ತಕರಾರು ತೆಗೆಯಲೇಬೇಕು. ಯೋಜನಾ ಕಚೇರಿಗಳಲ್ಲಿ ಬೇರೂರಿರುವ ಪಂಥವೊಂದಿದೆ. ಅದರ ಪ್ರಕಾರ ಉಪಗ್ರಹದ ಚಿತ್ರ ಇಳಿಸಿಕೊಂಡು, ಮೇಲೆ ಡ್ರೋನ್ ಹಾರಿಸಿದರೆ ಸಮೀಕ್ಷೆ ಮುಗಿಯಿತು. ಕೆರೆಗೆ ನೀಲಿ, ಹೊಲಕ್ಕೆ ಹಳದಿ, ಮರಕ್ಕೆ ಹಸಿರು, ಊರಿಗೆ ಕೆಂಪು. ಆ ಚಿತ್ರದಲ್ಲಿ ಗುಂಡುತೋಪೂ ನೀಲಗಿರಿ ನೆಡುತೋಪೂ ಒಂದೇ ಹಸಿರು. ಗೋಮಾಳ ‘ಖಾಲಿ ಜಾಗ’. ಊರಬ್ಬದ ದಿನ ದೇವರು ಹೊರಡುವ ದಾರಿ ಯಾವ ಬಣ್ಣಕ್ಕೂ ಸೇರದು. ಕೆರೆಯಂಚಿನಲ್ಲಿ ಇಷ್ಟು ಮೀಟರ್ ಬಿಟ್ಟರೆ ಕೆರೆ ಉಳಿಯಿತೆಂದು ಇವರು ನಂಬುತ್ತಾರೆ. ಮೇಲಿನ ಹಳ್ಳ, ಕೆಳಗಿನ ನಾಲೆ, ಕೋಡಿ ಹರಿದು ಮುಂದಿನ ಕೆರೆ ಮುಟ್ಟುವ ಜಾಡು, ಇವು ಹೋದ ಮೇಲೆ ಉಳಿಯುವುದು ಕೊಳ, ಕೆರೆಯಲ್ಲ. ಹೋಮ್ ದಂಡಿನ ಬಿಡಾರದಿಂದ ನೋಡಿದ, ಇವರು ಆಕಾಶದಿಂದ ನೋಡುತ್ತಾರೆ. ಎರಡರಲ್ಲೂ ನೆಲಕ್ಕೂ ನೋಡುವವನಿಗೂ ಮಾತುಕತೆ ಇಲ್ಲ.

ಮಾತುಕತೆ ಹೇಗೆ ನಡೆಸಬೇಕೆಂದು ತೋರಿಸಿದವನು ಹೋಮ್ ಬಂದು ಒಂದು ದಶಕ ಕಳೆಯುವುದರೊಳಗೆ ಇದೇ ಸೀಮೆಯಲ್ಲಿ ಹಾದುಹೋದ. ಫ್ರಾನ್ಸಿಸ್ ಬುಕಾನನ್ ಹೆಸರನ್ನು ಈ ಅಂಕಣದಲ್ಲಿ ಎಷ್ಟು ಸಲ ತಂದರೂ ನನಗೆ ಬೇಸರವಿಲ್ಲ. 1800-01ರಲ್ಲಿ ಅವನನ್ನು ಕಳಿಸಿದ್ದೂ ಅದೇ ಕಂಪನಿ, ಉದ್ದೇಶ ಕಂಪನಿಯ ಲಾಭವೇ. ಆದರೂ ಅವನು ಕೇಳಿದ ಪ್ರಶ್ನೆಗಳನ್ನು ನೋಡಿ. ಈ ಹೊಲಕ್ಕೆ ಬಿತ್ತನೆ ಎಷ್ಟು, ಫಲ ಎಷ್ಟು? ಕೆರೆಯ ನೀರು ಎಷ್ಟು ತಿಂಗಳು ನಿಲ್ಲುತ್ತದೆ? ಆಳಿಗೆ ಕೂಲಿ ಏನು? ಮಾಗಡಿ ಕಡೆ ಕಬ್ಬಿಣ ಕರಗಿಸುವವರ ಕುಲುಮೆಯ ಮುಂದೆ ನಿಂತು, ಅದಿರು ಎಲ್ಲಿಂದ, ಇದ್ದಿಲು ಎಲ್ಲಿಂದ, ದುಡಿಯುವವರಿಗೆ ಪಾಲು ಎಷ್ಟೆಂದು ಬರೆದುಕೊಂಡ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನೂ ಗಾಜಿನ ಬಳೆಯ ಕಸುಬನ್ನೂ ಗುರುತಿಸಿದ. 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾದ ಆ ಪುಸ್ತಕದ ಭಾಷೆ ಒಣಗಿದೆ, ಧೋರಣೆ ಅನೇಕ ಕಡೆ ಚುಚ್ಚುತ್ತದೆ. ಆದರೂ ಇನ್ನೂರು ವರ್ಷದ ಹಿಂದಿನ ನಮ್ಮ ನೆಲವನ್ನು ಮತ್ತೆ ಕಟ್ಟಿಕೊಳ್ಳಬೇಕೆಂದರೆ ಹೋಮ್‌ನ ಚಿತ್ರ ಕೆಲಸಕ್ಕೆ ಬಾರದು, ಬುಕಾನನ್‌ನ ದಿನಚರಿ ಬರುತ್ತದೆ. ಭೂದೃಶ್ಯದ ದಾಖಲೆ ಎಂದರೆ ನನ್ನ ಮಟ್ಟಿಗೆ ಈ ಬಗೆಯದು.

ಶಾಸನಗಳ ವಿಷಯದಲ್ಲಿ ನಾವು ಅದೃಷ್ಟವಂತರು. ಬಿ.ಎಲ್. ರೈಸ್ 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದ. ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿ ಎಲ್ಲ ಆಗ ಅದೇ ಜಿಲ್ಲೆ. ನಮ್ಮ ಕಾಲದಲ್ಲಿ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರ ಅದರಲ್ಲಿ ಎದ್ದು ಬರುತ್ತದೆ. ಈ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅಕ್ಷರ ಉಳಿದರೂ ಜಾಗ ಉಳಿಯದೆ ಹೋಗಬಹುದು. ದಾನಶಾಸನವೊಂದು ಮೂಡಲ ಮೇರೆ ಹಳ್ಳ, ಪಡುವಲ ಮೇರೆ ಬಂಡೆ ಎಂದು ಎಲ್ಲೆ ಹೇಳುತ್ತದೆ. ಆ ಎಲ್ಲೆಯಲ್ಲಿ ನೆಟ್ಟ ವಾಮನಮುದ್ರೆಯ ಕಲ್ಲನ್ನೋ ಲಿಂಗಮುದ್ರೆಯ ಕಲ್ಲನ್ನೋ ಜೆಸಿಬಿ ಕಿತ್ತು, ಯಾರೋ ಪುಣ್ಯಾತ್ಮರು ತಂದು ಗುಡಿಯ ಅಂಗಳದಲ್ಲಿ ನಿಲ್ಲಿಸಿದರೆ ಕಲ್ಲು ಬದುಕಿತು ನಿಜ, ಎಲ್ಲೆ ಸತ್ತಿತು. ವೀರಗಲ್ಲೂ ಹಾಗೆಯೆ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ. ಇದು ಎಲ್ಲ ಕಡೆ ಸಿಗುತ್ತದೆ. ಆದರೆ ತುರು ಹೊಡೆದ ದಾರಿಯ ಬಾಯಲ್ಲೇ ಅದು ನಿಂತಿತ್ತು ಎಂಬ ಸಂಗತಿ ಆ ಒಂದು ಜಾಗದಲ್ಲಿ ಮಾತ್ರ ಸಿಗುತ್ತದೆ.

ಹಾಗಾದರೆ ಕೆಲಸ ಎಲ್ಲಿಂದ ಶುರುವಾಗಬೇಕು? ನೀರಿನಿಂದ. ಭೂಮಾಪನ ಇಲಾಖೆಯ ಗ್ರಾಮನಕ್ಷೆ ಕೈಯಲ್ಲಿ ಹಿಡಿದು, ಊರಿನ ಸಣ್ಣ ಕೆರೆಯ ಏರಿ ಹತ್ತಿ. ಹಳೆಯ ತೂಬಿದ್ದರೆ ಅದಕ್ಕೊಂದು ಪುಟ: ಎರಡು ಕಲ್ಲುಕಂಬ, ಮೇಲೊಂದು ಅಡ್ಡಕಲ್ಲು, ಅದರ ತೂತಿನಲ್ಲಿ ಇಳಿಬಿಟ್ಟ ಗೂಟ, ಬುಡದಲ್ಲಿ ಗೂಟ ಕೂರುವ ಕಂಡಿ. ಕಂಬದ ಎತ್ತರ ಅಳೆಯಿರಿ. ಏರಿಯಿಂದ ಎಷ್ಟು ಒಳಗಿದೆ, ಕಂಬದ ಮೇಲೆ ಕೆತ್ತನೆ ಇದೆಯೆ, ಹೂಳು ಎಲ್ಲಿವರೆಗೆ ಬಂದಿದೆ ಎಂದು ಬರೆಯಿರಿ. ಏರಿಯ ಆಚೆ ಇಳಿದು ತೂಬಿನ ನೀರು ಬೀಳುವ ಕಾಲುವೆ ಹಿಡಿದು ಕೊನೆಯ ಗದ್ದೆಯವರೆಗೆ ನಡೆಯಿರಿ. ದಾಟಿದ ಪ್ರತಿ ಸರ್ವೆ ನಂಬರು ಪುಟದಲ್ಲಿರಲಿ. ನೀರು ಬಿಡುತ್ತಿದ್ದ ನೀರುಗಂಟಿ ಮನೆತನ ಯಾವುದು, ಮೊದಲ ನೀರು ಯಾರಿಗೆ, ಬರದ ವರ್ಷ ಸರದಿ ಹೇಗೆ ಎಂದು ಹಿರಿಯರನ್ನು ಕೇಳಿ. ಕೋಡಿಗೆ ಇನ್ನೊಂದು ಪುಟ, ಏರಿಯ ಮೇಲಿನ ದೇವರಿಗೆ ಮತ್ತೊಂದು. ಸರ್ವೆ ನಂಬರು ಹಾಕಿದ ಕೂಡಲೇ ಈ ಬರಹಕ್ಕೆ ಬಲ ಬರುತ್ತದೆ, ಏಕೆಂದರೆ ನಕ್ಷೆ ಎಳೆಯುವವರು ಓದುವ ಭಾಷೆ ಅದೊಂದೆ. ‘ಸುಂದರವಾದ ಹಳೆಯ ತೂಬು’ ಎಂದು ಬರೆದರೆ ಯಾರೂ ರಸ್ತೆಯನ್ನು ಪಕ್ಕಕ್ಕೆ ಸರಿಸುವುದಿಲ್ಲ.

ಇದು ಕಾನೂನಿನಲ್ಲಿ ಎಲ್ಲಿ ಕೂರುತ್ತದೆ ಎಂದು ಕೇಳುವವರಿದ್ದಾರೆ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನಮ್ಮ ತೂಬು, ತೋಪುಗಳಿಗೆ ಆ ಭಾಗ್ಯವಿಲ್ಲ. ಆದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದೇ ಕಾಯ್ದೆಯ ಬಲದಿಂದ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸುತ್ತ ವಿಮಾನ ನಿಲ್ದಾಣದ ಸೀಮೆ ಬೆಳೆದರೂ ಅದು ನಿಂತಿದೆ. ಜಪಾನಿನವರು ತಮ್ಮ ಸಾಂಸ್ಕೃತಿಕ ಆಸ್ತಿ ಕಾನೂನನ್ನು 2004ರಲ್ಲಿ ತಿದ್ದಿ, ಜನ ದುಡಿದು ರೂಪಿಸಿದ ನೆಲವನ್ನೂ ಅದರೊಳಗೆ ತಂದರು. 2006ರಲ್ಲಿ ಮೊದಲು ಆಯ್ದದ್ದು ಬಿವಾ ಸರೋವರದ ಬದಿಯ ಓಮಿಹಾಚಿಮಾನ್‌ನ ಜೊಂಡುಹುಲ್ಲಿನ ಜೌಗು. ಜೊಂಡು ಕೊಯ್ದು ಬದುಕುವವರ ಜೌಗು ಅಲ್ಲಿ ಪರಂಪರೆಯಾಯಿತು. ನಮ್ಮಲ್ಲಿ ಜೊಂಡು ಕಂಡರೆ ಬೇರುಸಹಿತ ಕಿತ್ತು, ಸುತ್ತ ತಂತಿಬೇಲಿ ಹಾಕಿ, ನಡೆದಾಡಲು ಟೈಲ್ಸ್ ಹಾಸಿ, ಅಭಿವೃದ್ಧಿ ಎಂದು ಫಲಕ ನೆಡುತ್ತೇವೆ.

ಬೈರಮಂಗಲ ಕೆರೆ ಕೆಟ್ಟುಹೋಗಿದೆ, ಕೆಟ್ಟದ್ದನ್ನು ಏನು ದಾಖಲಿಸುತ್ತೀರಿ ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲೇ ಕೇಳಿದ್ದೇನೆ. ನನಗೆ ಅತ್ಯಂತ ನೋವು ಕೊಡುವ ವಾದ ಇದು. ಮೇಲಿನ ನಗರ ತನ್ನ ಕೊಳೆ ಬಿಟ್ಟು ಕೆರೆ ಕೆಡಿಸಿತು. ಕೆಟ್ಟ ಕೆರೆಯ ಕೆಳಗಿನ ನೆಲ ಉಪಯೋಗವಿಲ್ಲದ್ದು, ಆದ್ದರಿಂದ ಅದು ನಗರಕ್ಕೇ ಸಲ್ಲಲಿ ಎಂದರೆ, ಗಾಯ ಮಾಡಿದವನೇ ಗಾಯಾಳುವಿನ ಆಸ್ತಿಗೆ ವಾರಸುದಾರನಾದಂತೆ. ನೊರೆಯನ್ನೂ ಬರೆಯಬೇಕು, ಯಾವ ತಿಂಗಳು ಎಷ್ಟು ಎತ್ತರ ಎಂದು ಬರೆಯಬೇಕು. ನೊರೆಯ ಬದಿಯಲ್ಲಿ ಇವತ್ತಿಗೂ ಯಾವ ಬೆಳೆ ನಿಂತಿದೆ, ಯಾವ ಹಕ್ಕಿ ಇಳಿಯುತ್ತದೆ, ಯಾವ ಬಾವಿಯ ನೀರು ಕುಡಿಯಲು ಬಿಟ್ಟರು, ಯಾವ ವರ್ಷ ಬಿಟ್ಟರು ಎಂಬುದೂ ಅದೇ ಪುಟದಲ್ಲಿರಬೇಕು.

ಬೈರಮಂಗಲ, ಬನ್ನಿಗಿರಿ, ಅರಳಾಳುಸಂದ್ರ ಕಡೆಯ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮನೆಯ ಪೆಟ್ಟಿಗೆಯಲ್ಲಿರುವ ಸಾಗುವಳಿ ಚೀಟಿ, ಹಳೆಯ ಕಂದಾಯದ ರಸೀದಿ, ಕೆರೆ ತಿಳಿಯಾಗಿದ್ದ ಕಾಲದ ಫೋಟೋ ಇವುಗಳನ್ನು ಹೊರತೆಗೆದು ಪ್ರತಿ ಮಾಡಿಸಿ. ಶಾಲೆಯ ಮೇಷ್ಟ್ರನ್ನೂ ಓದುವ ಮಕ್ಕಳನ್ನೂ ಜೊತೆಗೆ ಕರೆದುಕೊಂಡು, ಗ್ರಾಮನಕ್ಷೆ ಹಿಡಿದು ನಿಮ್ಮ ಊರಿನ ಕಾಲುವೆಗಳನ್ನು ನಡೆಯಿರಿ. ಬರೆದದ್ದನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಸೇರಿಸಿ, ಒಂದು ದೃಢೀಕೃತ ನಕಲನ್ನು ಊರಲ್ಲೇ ಇಟ್ಟುಕೊಳ್ಳಿ. ನಕ್ಷೆ ಹಿಡಿದು ಬರುವ ಅಧಿಕಾರಿಗೆ ಮೊದಲು ಆ ನಕಲನ್ನು ಕೊಡಿ.