ಮಾತು ಬಿಟ್ಟ ಮ್ಯಾಕ್‌ಬೆತ್

ನಾಟಕವೊಂದು ಸಿನಿಮಾ ಆಗುವಾಗ ನಿರ್ದೇಶಕರಿಗೆ ಮೊದಲು ಹತ್ತುವ ಚಪಲ ರಂಗದಿಂದ ಆಚೆ ಜಿಗಿಯುವುದು. ನಾಟಕದಲ್ಲಿ ಬರೀ ಮಾತಿನಲ್ಲಿ ಬಂದ ಯುದ್ಧವನ್ನು ಸಾವಿರ ಜನರನ್ನಿಟ್ಟು ತೋರಿಸುತ್ತಾರೆ, ಮಾತನ್ನು ಮಾತ್ರ ಹಾಗೇ ಉಳಿಸಿಕೊಳ್ಳುತ್ತಾರೆ. ಅಕಿರಾ ಕುರೊಸಾವಾ 1957ರ ‘ಥ್ರೋನ್ ಆಫ್ ಬ್ಲಡ್’ನಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ‘ಮ್ಯಾಕ್‌ಬೆತ್’ನ ಕಥೆ ಇಟ್ಟುಕೊಂಡರು, ಷೇಕ್ಸ್‌ಪಿಯರನ ಸಾಲುಗಳನ್ನು ಪೂರ್ತಿ ಕೈಬಿಟ್ಟರು. ಕಾಡು, ಮಂಜು, ಫ್ಯೂಜಿ ಪರ್ವತದ ಇಳಿಜಾರಿನಲ್ಲಿ ಕಟ್ಟಿಸಿದ ಕೋಟೆ ಎಲ್ಲವೂ ಚಿತ್ರದಲ್ಲಿವೆ, ನಿಜ. ಆದರೆ ಅದರ ಬಲವಿರುವುದು ಜಪಾನಿನ ನೋ ರಂಗಭೂಮಿಯಿಂದ ತಂದ ಶಿಸ್ತಿನಲ್ಲಿ. ಅಂದರೆ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಹೋಗಿ, ಅಲ್ಲಿಂದ ಪರದೆಗೆ ಬಂದರು.

ಲೇಡಿ ಮ್ಯಾಕ್‌ಬೆತ್ ಇಲ್ಲಿ ಅಸಾಜಿ. ಇಸುಜು ಯಮದಾ ಅವರ ಮುಖ ನೋ ಮುಖವಾಡವೇ. ಗಂಡನನ್ನು ಕೊಲೆಗೆ ಹುರಿದುಂಬಿಸುವಾಗಲೂ ಹುಬ್ಬು ಅಲುಗುವುದಿಲ್ಲ. ಕಾವಲುಗಾರರಿಗೆ ಮದ್ದು ಬೆರೆಸಿದ ಮದ್ಯ ತರಲು ಆಕೆ ಕತ್ತಲೆಯೊಳಗೆ ಕರಗುತ್ತಾಳೆ, ಹೂಜಿ ಹಿಡಿದು ಮರಳುತ್ತಾಳೆ; ಕಿವಿಗೆ ಬೀಳುವುದು ಉಡುಪಿನ ಸರಸರ ಸದ್ದು ಮಾತ್ರ. ಕೊಲೆಯನ್ನು ಕುರೊಸಾವಾ ತೋರಿಸುವುದೇ ಇಲ್ಲ. ಕಾಯುತ್ತಿರುವ ಹೆಂಡತಿಯನ್ನು ತೋರಿಸುತ್ತಾರೆ.

ಅವರು ಹೊಸದಾಗಿ ಸೇರಿಸಿದ್ದರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಅಸಾಜಿಯ ಬಸಿರು. ಮಕ್ಕಳಿಲ್ಲದ ವಾಶಿಜು (ಇಲ್ಲಿನ ಮ್ಯಾಕ್‌ಬೆತ್) ಗೆಳೆಯ ಮಿಕಿಯ ಮಗನನ್ನೇ ವಾರಸುದಾರನನ್ನಾಗಿ ಮಾಡಲು ಹೊರಟಿರುತ್ತಾನೆ. ತಾನು ಗರ್ಭಿಣಿಯೆಂದು ಅವಳು ಹೇಳಿದ ಒಂದೇ ಮಾತಿಗೆ ಮಿಕಿಯ ಸಾವು ಖಚಿತವಾಗುತ್ತದೆ. ಆಮೇಲೆ ಆ ಮಗು ಹುಟ್ಟುವುದು ಸತ್ತೇ.

ಕೊರತೆಯೂ ಇದೆ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ತನಗೆ ತಾನೇ ನ್ಯಾಯಾಧೀಶ. ಸ್ವಗತ ಹೋದ ಮೇಲೆ ಆ ಒಳಗಣ ವಿಚಾರಣೆಯೂ ಹೋಯಿತು. ವಾಶಿಜು ಪಾತ್ರದ ತೊಶಿರೊ ಮಿಫುನೆ ಅಬ್ಬರಿಸುತ್ತಾರೆ, ಕಣ್ಣರಳಿಸುತ್ತಾರೆ, ಯೋಚಿಸುವುದು ಕಡಿಮೆ. ಕೊನೆಯಲ್ಲಿ ತನ್ನದೇ ಸೈನಿಕರ ಬಾಣಗಳು (ಚಿತ್ರೀಕರಣದಲ್ಲಿ ನಿಜವಾದ ಬಾಣಗಳನ್ನೇ ಬಿಡಿಸಿದ್ದರು!) ಅವನನ್ನು ಚುಚ್ಚುವಾಗ ನಮಗೆ ಭಯವಾಗುತ್ತದೆ, ಮರುಕ ಹುಟ್ಟುವುದಿಲ್ಲ.

ತಮ್ಮದೇ ರಂಗಭೂಮಿಯ ಮೂಲಕ ಷೇಕ್ಸ್‌ಪಿಯರನನ್ನು ಮುಟ್ಟುವ ಈ ದಾರಿ ಕನ್ನಡಿಗರಿಗೆ ಹೊಸತೇನಲ್ಲ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ಇದೇ ನಾಟಕವನ್ನು ‘ಬರ್ನಂ ವನ’ ಎಂದು ಹಿಂದಿಯಲ್ಲಿ ಮಾಡಿಸಿದಾಗ ನೆಚ್ಚಿದ್ದು ಯಕ್ಷಗಾನವನ್ನು. ವಿಶಾಲ್ ಭಾರದ್ವಾಜರ ‘ಮಕ್ಬೂಲ್’ (2003) ಬೇರೆ ಹಾದಿ ಹಿಡಿಯಿತು: ಮುಂಬೈ ಭೂಗತಲೋಕ, ಮಾಟಗಾತಿಯರ ಜಾಗದಲ್ಲಿ ಜಾತಕ ಬರೆಯುವ ಇಬ್ಬರು ಪೊಲೀಸರು, ಹಿರಿಯ ಡಾನ್‌ನ ಪ್ರೇಯಸಿಯೇ ಲೇಡಿ ಮ್ಯಾಕ್‌ಬೆತ್. ಕುರೊಸಾವಾ ಕಳೆದುಕೊಂಡ ಮರುಕವನ್ನು ಈ ಚಿತ್ರದ ಮುಖ್ಯ ಜೋಡಿ ಇರ್ಫಾನ್ ಮತ್ತು ತಬು ಮರಳಿ ತಂದರು. ಆದರೂ ಒಂದೊಂದು ಚೌಕಟ್ಟೂ ಅನಿವಾರ್ಯವೆನಿಸುವ ಬಿಗಿ ‘ಥ್ರೋನ್ ಆಫ್ ಬ್ಲಡ್’ನಲ್ಲೇ ಹೆಚ್ಚು. ನನ್ನ ಮೊದಲ ಮತ ಅದಕ್ಕೆ, ಕೂದಲೆಳೆಯ ಅಂತರದಲ್ಲಿ ಎರಡನೆಯದು ‘ಮಕ್ಬೂಲ್’ಗೆ.