ಕಡಲಿನ ತಪ್ಪೋ, ದಡದ ತಪ್ಪೋ?

ತಕಳಿ ಶಿವಶಂಕರ ಪಿಳ್ಳೆಯವರ 'ಚೆಮ್ಮೀನ್' ಕಾದಂಬರಿಯನ್ನು ನಾನು ಮೊದಲು ಓದಿದ್ದಲ್ಲ, ನೋಡಿದ್ದು. ಭಾನುವಾರದ ಮಧ್ಯಾಹ್ನ ದೂರದರ್ಶನದವರು ಬೇರೆ ಬೇರೆ ಭಾಷೆಗಳ ಸಿನಿಮಾ ತೋರಿಸುತ್ತಿದ್ದ ಕಾಲ ಅದು. ರಾಮು ಕಾರ್ಯಾಟ್ ನಿರ್ದೇಶಿಸಿ 1965ರಲ್ಲಿ ಬಿಡುಗಡೆಯಾದ ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂದಿತ್ತು. ದಕ್ಷಿಣ ಭಾರತದ ಚಿತ್ರವೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ನಮ್ಮ ಮನೆಯ ಜಗಲಿಯಲ್ಲಿ ನೆರೆಕರೆಯ ಹೆಂಗಸರೆಲ್ಲ ಕೂತು ನೋಡಿ, ಕೊನೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ಹೋದದ್ದು ಇನ್ನೂ ನೆನಪಿದೆ. ನಾನೂ ಅತ್ತಿದ್ದೆ.

ಟೀಚರಾದ ಎಷ್ಟೋ ವರ್ಷಗಳ ನಂತರ ಕಾದಂಬರಿಯನ್ನು ಅನುವಾದದಲ್ಲಿ ಓದಿದೆ. ಈ ಸಲ ಅಳು ಬರಲಿಲ್ಲ, ಸಿಟ್ಟು ಬಂತು. ಮತ್ತೊಮ್ಮೆ ಓದಿದಾಗ ಆ ಸಿಟ್ಟನ್ನು ಯಾರ ಮೇಲೆ ಮಾಡಬೇಕೆಂಬುದು ತಿಳಿಯಿತು.

ಕತೆ ನಡೆಯುವುದು ಕೇರಳದ ಅಂಬಲಪ್ಪುಳದ ಹತ್ತಿರದ ಕಡಲತೀರದಲ್ಲಿ. ಬೆಸ್ತರ ಹುಡುಗಿ ಕರುತ್ತಮ್ಮ, ಮೀನಿನ ವ್ಯಾಪಾರಿ ಪರೀಕುಟ್ಟಿ ಪರಸ್ಪರ ಮೆಚ್ಚಿದವರು. ಜಾತಿ ಬೇರೆ, ಧರ್ಮ ಬೇರೆ, ಮದುವೆಯಾಗುವಂತಿಲ್ಲ. ಕರುತ್ತಮ್ಮನನ್ನು ತ್ರಿಕ್ಕುನ್ನಪ್ಪುಳದ ಪಳನಿಗೆ ಕೊಡುತ್ತಾರೆ. ಇಡೀ ಕತೆಯ ಬುಡದಲ್ಲಿರುವುದು ಒಂದು ನಂಬಿಕೆ: ಕಡಲಿಗೆ ಹೋದವನ ಜೀವ ದಡದಲ್ಲಿರುವ ಹೆಂಡತಿಯ ಶೀಲದಲ್ಲಿದೆ, ಅವಳು ತಪ್ಪಿದರೆ ಕಡಲಮ್ಮ ಅವನನ್ನು ನುಂಗುತ್ತಾಳೆ. ತಾಯಿ ಚಕ್ಕಿ ಇದನ್ನು ಬೆಳೆದ ಮಗಳಿಗೆ ಬುದ್ಧಿಮಾತಾಗಿ ಹೇಳುತ್ತಾಳೆ. ಕೊನೆಗೆ ಆಗುವುದೂ ಹಾಗೆಯೇ. ಕರುತ್ತಮ್ಮ ಪರೀಕುಟ್ಟಿಯ ಬಳಿಗೆ ಹೋದ ರಾತ್ರಿಯೇ ಪಳನಿ ಕಡಲಲ್ಲಿ ಮುಳುಗುತ್ತಾನೆ.

ನನಗೆ ಮೊದಲು ಸಿಟ್ಟು ಬಂದದ್ದು ಇಲ್ಲಿಯೇ. ಜನ ಹೀಗೆ ನಂಬುತ್ತಾರೆ ಎಂದು ಬರೆಯುವುದು ಬೇರೆ, ಆ ನಂಬಿಕೆ ನಿಜವೇ ಆಯಿತೆಂದು ಕತೆ ಮುಗಿಸುವುದು ಬೇರೆ. 1956ರಲ್ಲಿ ಬಂದ ಈ ಕಾದಂಬರಿ ಮರುವರ್ಷವೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದು ಎಷ್ಟೋ ಭಾಷೆಗಳಿಗೆ ಹೋಯಿತು. ಜೊತೆಗೆ ಆ ನಂಬಿಕೆಯೂ ಹೋಯಿತು. ಕಡಲನ್ನೇ ಕಾಣದ ಊರಿನವರೂ ಬೆಸ್ತರ ಹೆಂಗಸೆಂದರೆ ದಡದಲ್ಲಿ ನಿಂತು ದಾರಿ ಕಾಯುವವಳು ಎಂದುಕೊಂಡರು.

ಆದರೆ ತಕಳಿಯವರು ದೊಡ್ಡ ಲೇಖಕರು. ಅವರು ಬಾಯಿಬಿಟ್ಟು ಹೇಳದ್ದನ್ನೂ ಅವರ ಕತೆ ಹೇಳುತ್ತದೆ. ದೋಣಿ ಮತ್ತು ಬಲೆ ಕೊಳ್ಳಬೇಕೆಂಬ ಚೆಂಬನ್‌ಕುಂಞುವಿನ ಆಸೆಗೆ ದುಡ್ಡು ಕೂಡಿದ್ದು ಹೇಗೆ? ಚಕ್ಕಿ ಬುಟ್ಟಿ ಹೊತ್ತು ಮೀನು ಮಾರಿ ಕಾಸಿಗೆ ಕಾಸು ಸೇರಿಸಿದ್ದಳು. ಸಾಲದ್ದಕ್ಕೆ ಪರೀಕುಟ್ಟಿಯಿಂದ ತಂದು, ಮರಳಿ ಕೊಡಲೇ ಇಲ್ಲ. ಹೆಣ್ಣಿನ ಶೀಲದ ಲೆಕ್ಕ ಇಡುವ ದಡದಲ್ಲಿ ಈ ಮೋಸಕ್ಕೆ ಕಡಲಮ್ಮ ಮುನಿಯುವುದಿಲ್ಲ. ಮದುವೆಯಾದ ಮೇಲೆ ಕರುತ್ತಮ್ಮನೂ ಬುಟ್ಟಿ ಹೊತ್ತು ಹೊರಡುತ್ತಾಳೆ.

ಪಳನಿಯ ಸಾವನ್ನು ಮತ್ತೊಮ್ಮೆ ನೋಡಿ. ಅವನು ಸಣ್ಣ ದೋಣಿಯಲ್ಲಿ, ರಾತ್ರಿ, ಒಬ್ಬನೇ ಹೋಗಿದ್ದ. ಗಾಳಕ್ಕೆ ದೊಡ್ಡ ಶಾರ್ಕ್ ಬಿದ್ದು ದೋಣಿಯನ್ನು ಎಳೆದುಕೊಂಡು ಹೋಯಿತು. ಅಂಥ ನುರಿತ ಬೆಸ್ತ ಒಬ್ಬನೇ ಏಕೆ ಹೋದ? ಹೆಂಡತಿಯ ಹೆಸರಿಗೆ ಕೆಟ್ಟ ಮಾತು ಹಬ್ಬಿದ್ದರಿಂದ ಜೊತೆಗಾರರು ಅವನನ್ನು ತಮ್ಮ ದೋಣಿಗೆ ಸೇರಿಸದೆ ದೂರವಿಟ್ಟಿದ್ದರು. ಆಗ ಕರುತ್ತಮ್ಮ ಯಾವ ತಪ್ಪನ್ನೂ ಮಾಡಿರಲಿಲ್ಲ.

ಕಡಲ ಬದುಕು ತಿಳಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಮೇಲೆ ಮನುಷ್ಯನಿಗೆ ಮನುಷ್ಯನೇ ಆಸರೆ. ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಇದ್ದಾಗ ಊರಿಗೆ ಊರೇ ದಡದಲ್ಲಿ ಸಾಲಾಗಿ ನಿಂತು ಹಗ್ಗ ಎಳೆಯಬೇಕಿತ್ತು. ಬಂದದ್ದರಲ್ಲಿ ಎಲ್ಲರಿಗೂ ಪಾಲು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಮರೆಯಾಯಿತು. ಬೋಟು ಬದಲಾದರೂ ಒಬ್ಬನೇ ಹೋಗಬಾರದೆಂಬ ವಿವೇಕ ಬದಲಾಗಲಿಲ್ಲ. ಪಳನಿಯ ಪಕ್ಕದಲ್ಲಿ ಇನ್ನೊಂದು ಜೊತೆ ಕೈಗಳಿದ್ದರೆ, ಆ ಗಾಳದ ಹಗ್ಗವನ್ನು ಕಡಿದು ಬಿಸಾಡಲು ಒಬ್ಬನಿದ್ದರೆ, ಅವನು ಮರಳಿ ಬರುತ್ತಿದ್ದನೇನೋ. ಅವನನ್ನು ಕೊಂದದ್ದು ಕಡಲಲ್ಲ, ಹೆಂಡತಿಯ ಆ ರಾತ್ರಿಯೂ ಅಲ್ಲ. ದಡದ ನಾಲಿಗೆ.

ತಕಳಿಯವರಿಗೆ ಇದು ಗೊತ್ತಿತ್ತೋ ಇಲ್ಲವೋ, ಅವರ ಕತೆಗಂತೂ ಗೊತ್ತಿತ್ತು. ನಂಬಿಕೆಯನ್ನು ಗೆಲ್ಲಿಸಿದಂತೆ ಕಾಣುವ ಪುಟಗಳಲ್ಲೇ ಅದನ್ನು ಸೋಲಿಸುವ ಸಾಕ್ಷಿಯನ್ನೂ ಇಟ್ಟಿದ್ದಾರೆ. ಸಿನಿಮಾ ನೋಡುವಾಗ ಹಾಡು, ಅಲೆ, ಕಣ್ಣೀರಿನಲ್ಲಿ ಆ ಸಾಕ್ಷಿ ನಮ್ಮ ಕಣ್ತಪ್ಪಿಸಿಕೊಳ್ಳುತ್ತದೆ. ಪುಸ್ತಕ ಓದುವಾಗ ನಿಧಾನವಾಗಿ ಸಿಗುತ್ತದೆ. ಆದರೂ ಒಂದು ಕೊರತೆ ಉಳಿಯುತ್ತದೆ. ಕೊನೆಗೆ ದಡಕ್ಕೆ ಬಂದ ಆ ಇಬ್ಬರ ಹೆಣಗಳ ಮುಂದೆ ಊರಿನವರಲ್ಲಿ ಒಬ್ಬರಾದರೂ 'ಅವನನ್ನು ಒಬ್ಬನೇ ಬಿಟ್ಟವರು ನಾವಲ್ಲವೆ?' ಎಂದು ಕೇಳುವುದಿಲ್ಲ. ಕೇಳಬೇಕಿತ್ತು.

ನಮ್ಮ ಮನೆಗೆ ಮೀನು ತರುತ್ತಿದ್ದ ಹೆಂಗಸಿಗೆ ಒಮ್ಮೆ ಈ ಕತೆ ಹೇಳಿದೆ. ಬುಟ್ಟಿ ಇಳಿಸಿ, ಸಿಂಬೆ ಕೈಯಲ್ಲಿ ಹಿಡಿದು ಪೂರ್ತಿ ಕೇಳಿದಳು. ಅವಳ ಗಂಡ, ಇಬ್ಬರು ಗಂಡುಮಕ್ಕಳು ಬೋಟಿಗೆ ಹೋಗುವವರು. ಅವಳದ್ದು ತಾಯಿಯ ಕಡೆಯಿಂದ ಬಳಿ ಎಣಿಸುವ, ಅಳಿಯಸಂತಾನದ ಮನೆತನ. ಸ್ವಲ್ಪ ಹೊತ್ತು ಸುಮ್ಮನಿದ್ದು, ''ಟೀಚರ್ರೇ, ಹೆಂಗ್ಸ್ರ್ ನಿಷ್ಠಿಯಂಗೇ ಬೋಟ್ ಓಡುದಾರೆ ಡೀಸಿಲಿಗೆ ದುಡ್ಡ್ ಎಂತಕ್ಕೆ ಕೊಡೂದ್?'' ಎಂದಳು. ನಾವಿಬ್ಬರೂ ನಕ್ಕೆವು.

ಆದರೆ ಬುಟ್ಟಿ ತಲೆಗೇರಿಸಿಕೊಳ್ಳುವಾಗ ಅವಳು ಗಾಳಿ ಎತ್ತಣಿಂದ ಬೀಸುತ್ತಿದೆಯೆಂದು ಒಮ್ಮೆ ಪಡುವಣಕ್ಕೆ ನೋಡಿದಳು. ಮೂವರೂ ಆ ದಿನ ನೀರಿನ ಮೇಲಿದ್ದರು. ಆ ನೋಟದಲ್ಲಿದ್ದದ್ದು ಪಾಪದ ಭಯವಲ್ಲ, ಕಡಲನ್ನು ಬಲ್ಲವಳ ಕಾಳಜಿ. 'ಚೆಮ್ಮೀನ್' ಓದುವ ತಂಗಿಯರು ಇವೆರಡರ ವ್ಯತ್ಯಾಸ ತಿಳಿದು ಓದಲಿ. ಓದದೆ ಮಾತ್ರ ಇರಬಾರದು.